ಯಾವ ಗೇಟಿನಿಂದ ಹೋಗಬೇಕೆಂದು ಕೇಳಿದವರು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾಸ್ತರರ ಬಲಗಿವಿಯ ಮೇಲೆ ಒಂದು ಸೀಮೆಸುಣ್ಣದ ತುಂಡಿತ್ತು. ಬಡಗಿಗಳು ಪೆನ್ಸಿಲು ಸಿಕ್ಕಿಸಿಕೊಳ್ಳುವ ಹಾಗೆ ಅವರು ಸೀಮೆಸುಣ್ಣ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ತಲೆಯಲ್ಲಿ ಮೊದಲು ಬೆಳ್ಳಗಾದದ್ದು ಆ ಕಿವಿಯ ಮೇಲಿನ ಕೂದಲು. ಅದು ವಯಸ್ಸಲ್ಲ, ಸುಣ್ಣ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಅವರು ಕಿಟಕಿಯಿಂದ ಹೊರಗೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, ನಡುವಾಕ್ಯದಲ್ಲಿ ಪಾಠ ನಿಲ್ಲಿಸಿದರು. ಹಾಗೆ ಅವರು ನಿಲ್ಲಿಸಿದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಕಿಟಕಿಯ ಹೊರಗೆ, ಕಾಲೇಜಿನ ಮುಂದಿನ ಗೇಟಿಗೆ, ಸೈನಿಕರನ್ನು ತುಂಬಿಕೊಂಡ ಲಾರಿಯೊಂದು ಬಂದು ಅಡ್ಡ ನಿಂತಿತ್ತು.

ಅಲ್ಲಿಂದ ಮುಂದಿನ ಸ್ವಲ್ಪ ಹೊತ್ತನ್ನು ನಾನು ಈಗಲೂ ಮನಸ್ಸಿನಲ್ಲಿ ತಿರುವಿ ಹಾಕುತ್ತಿರುತ್ತೇನೆ. ಬಟ್ಟೆ ಒಗೆಯುವಾಗ, ಗಾಡಿಯಲ್ಲಿ ಕೂತಿರುವಾಗ, ಯಾರೋ ಬಾಗಿಲ ಚಿಲಕ ಹಾಕಿದ ಸಪ್ಪಳ ಕೇಳಿದಾಗ. ಆದರೆ ಅದನ್ನು ಹೇಳುವ ಮೊದಲು ಮಾಸ್ತರರು ಎಂಥವರೆಂದು ಹೇಳಬೇಕು. ಇಲ್ಲದಿದ್ದರೆ ಅಂದು ಅವರು ಮಾಡಿದ್ದು ಧೈರ್ಯವೆಂದು ಕಾಣುತ್ತದೆ. ಅದು ಧೈರ್ಯವಲ್ಲ, ಬೇರೆ ಏನೋ.

ನಾನು ವಿಜಾಪುರದ ಕಡೆಯವಳು. ಪುಣೆಗೆ ಓದಲು ಬಂದಾಗ ಸೊಲ್ಲಾಪುರದವರೆಗೆ ಗಾಡಿಯಲ್ಲಿ ಕನ್ನಡ ಕೇಳುತ್ತಿತ್ತು; ದೌಂಡ ಬರುವಷ್ಟರಲ್ಲಿ ಅದು ನಿಂತೇ ಹೋಗಿತ್ತು. ಸದಾಶಿವ ಪೇಠೆಯಲ್ಲಿ, ಹಲವು ಬಿಡಾರಗಳ ಒಂದು ವಾಡೆಯಲ್ಲಿ ಅತ್ತೆಯ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಾಲೇಜು ಶಿವಾಜಿನಗರದ ಕಡೆ. ಹಳಬರು ಇನ್ನೂ ಭಾಂಬುರ್ಡಾ ಎಂದೇ ಕರೆಯುತ್ತಿದ್ದ ಕಾಲ. ಮೊದಲ ದಿನ ಇತಿಹಾಸದ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದವರು ನನ್ನ ಅಡ್ಡಹೆಸರಿಗೆ ಬಂದು ತಲೆಯೆತ್ತಿ, ಅಷ್ಟೂ ಹುಡುಗರ ಎದುರಿಗೆ ಕನ್ನಡದಲ್ಲಿ, "ಯಾವೂರವಾ?" ಎಂದರು. ಧಾರವಾಡದವರು. ಪುಣೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮರಾಠಿಯಲ್ಲಿ ಧಾರವಾಡದ ಮಣ್ಣು ಹಾಗೇ ಅಂಟಿಕೊಂಡಿತ್ತು.

ಅವರಿಗೊಂದು ಹುಚ್ಚಿತ್ತು. ಯಾರೋ ಸಾಹೇಬರು ನಿವೃತ್ತರಾಗಿ ತಮ್ಮ ದೇಶಕ್ಕೆ ಮರಳುವಾಗ ಬ್ರಿಟಿಷ್ ಪಾರ್ಲಿಮೆಂಟಿನ ಚರ್ಚೆಗಳ ಮುದ್ರಿತ ಸಂಪುಟಗಳನ್ನು ಕಾಲೇಜಿನ ಲೈಬ್ರರಿಗೆ ಬಿಟ್ಟುಹೋಗಿದ್ದರು. ಶತಮಾನದ ಆರಂಭದಿಂದ ಶುರುವಾಗಿ ಮೊದಲ ಮಹಾಯುದ್ಧದ ತುಸು ಮುಂಚೆ ಅವು ಮುಗಿಯುತ್ತಿದ್ದವು. ಮಾಸ್ತರರು ಅವುಗಳ ಮೇಲೆ ಒಂದು ಆಟ ಕಟ್ಟಿದ್ದರು. ಶನಿವಾರ ಮಧ್ಯಾಹ್ನ ಇತಿಹಾಸದ ಕೋಣೆಯ ಬೆಂಚುಗಳನ್ನು ಎದುರುಬದುರು ತಿರುಗಿಸುವುದು. ಒಂದು ಕಡೆ ಸರಕಾರ, ಇನ್ನೊಂದು ಕಡೆ ವಿರೋಧ ಪಕ್ಷ. ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬೊಬ್ಬ ಸದಸ್ಯನ ಪಾತ್ರ. ಸಂಪುಟದಲ್ಲಿರುವ ಚರ್ಚೆಯನ್ನು ಮೊದಲು ಓದಿಕೊಂಡು ಬಂದು, ಆ ಸದಸ್ಯನಾಗಿ ನಿಂತು ಮಾತಾಡಬೇಕು. ಹೊರಗೆ ಎರಡನೇ ಮಹಾಯುದ್ಧ ನಡೆಯುತ್ತಿದ್ದರೆ ನಮ್ಮ ಕೋಣೆಯಲ್ಲಿ ಮೊದಲನೆಯದೇ ಇನ್ನೂ ಶುರುವಾಗಿರಲಿಲ್ಲ.

ಸಭಾಪತಿ ಯಾವಾಗಲೂ ಮಾಸ್ತರರೇ. ಅವರು ಕೂಗಾಡಿದ್ದನ್ನು, ಮೇಜು ಕುಟ್ಟಿದ್ದನ್ನು ನಾನು ಎಂದೂ ನೋಡಿಲ್ಲ. ಆ ಸಭೆಯ ಪದ್ಧತಿ ಹೀಗೆ: ಸಭಾಪತಿ ಎದ್ದು ನಿಂತರೆ ಉಳಿದವರೆಲ್ಲ ಕೂಡಬೇಕು. ಬಾಯಲ್ಲಿ ಅರ್ಧ ಮಾತಿದ್ದರೂ ಸರಿ, ಕೂಡಬೇಕು. ಗದ್ದಲವಾದರೆ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ಬೆಂಚುಗಳು ಒಮ್ಮೆ ಕಿರುಗುಟ್ಟಿ, ಕೋಣೆ ತಣ್ಣಗಾಗುತ್ತಿತ್ತು. ಮತ ಹಾಕುವುದಿದ್ದರೆ ಅವರು "ಡಿವಿಜನ್" ಎಂದರೆ ಸಾಕು. ಒಪ್ಪಿದವರು ಬಲಬಾಗಿಲಿನಿಂದ, ಒಪ್ಪದವರು ಎಡಬಾಗಿಲಿನಿಂದ ಸಾಲಾಗಿ ಹೊರಗೆ ಹೋಗುತ್ತಿದ್ದರು; ಅಲ್ಲಿ ನಿಂತವರು ತಲೆ ಎಣಿಸುತ್ತಿದ್ದರು. ಮತದಾನದ ನಡುವೆ ಯಾರಿಗಾದರೂ ತಕರಾರಿದ್ದರೆ ಕೂತೇ, ತಲೆಯ ಮೇಲೆ ಟೋಪಿ ಇಟ್ಟುಕೊಂಡು ಹೇಳಬೇಕಂತೆ. ಅದಕ್ಕೆಂದು ಸಾಹೇಬರು ಬಿಸಿಲಿಗೆ ಹಾಕಿಕೊಳ್ಳುವಂಥ, ಹುಳ ತಿಂದ ಒಂದು ಸೋಲಾ ಟೋಪಿ ಇತ್ತು. ನಾನು ಮೊದಲ ಸಲ ಅದನ್ನು ಹಾಕಿಕೊಂಡಾಗ ಅದು ಮೂಗಿನವರೆಗೆ ಇಳಿದು, ಸರಕಾರ ಮತ್ತು ವಿರೋಧ ಪಕ್ಷ ಎರಡೂ ಒಂದಾಗಿ ನಕ್ಕವು.

ನನಗೆ ಬಂದ ಪಾತ್ರ ಮಾಸ್ತರರ ಮುದ್ದಿನ ಸದಸ್ಯನದು. "ಈತನ ಜಾಗಾ ಖಾಲಿ ಅದ. ಯಾವ ಹುಡುಗನೂ ಒಲ್ಲೆ ಅಂತಾನ. ನೀ ಮಾಡ್ತೀಯೇನು?" ಎಂದು ಕೇಳಿದ್ದರು. ಹುಡುಗರೇಕೆ ಬೇಡವೆಂದರೆಂದು ಓದಿದ ಮೇಲೆ ತಿಳಿಯಿತು. ಆತ ಮಂತ್ರಿಯಾದವನಲ್ಲ. ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಇಂಗ್ಲೆಂಡಿನ ಉತ್ತರದ ಯಾವುದೋ ಗಿರಣಿ ಊರಿನಿಂದ ಆರಿಸಿಬಂದ ಹಿಂದಿನ ಬೆಂಚಿನವನು. ಅವನಿಗೆ ಎರಡೇ ಸಂಗತಿ ಬೇಕು, ಸೈನ್ಯ ಮತ್ತು ಊರು. ಒಂದು ದಿನ ಸಿಪಾಯಿಗಳ ಬೂಟಿನ ಅಟ್ಟೆ ಎಷ್ಟು ದಿನ ಬಾಳುತ್ತದೆಂದು ಕೇಳುವನು. ಇನ್ನೊಂದು ದಿನ ಬೀದಿಯ ನಲ್ಲಿ ಸಣ್ಣ ಮಕ್ಕಳಿಗೆ ಎಟುಕುತ್ತದೆಯೇ ಎಂದು ಕೇಳುವನು. ಹಡಗಿನಲ್ಲಿ ಸಾಗಿಸುವ ಕುದುರೆಗಳಿಗೆ ಗಾಳಿಯಾಡಲು ಕಿಂಡಿ ಇದೆಯೇ? ಬ್ಯಾರಕಿನ ಗಟಾರ ಊರಿನ ಕುಡಿಯುವ ನೀರಿಗಿಂತ ಮೇಲ್ಗಡೆ ಇದೆಯೋ ಕೆಳಗಡೆಯೋ? ದೊಡ್ಡವರು ಸಾಮ್ರಾಜ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಕೂತ ಮೇಲೆ ಈತ ಎದ್ದು ಇಂಥದ್ದೊಂದು ಕೇಳುತ್ತಿದ್ದ. ಮಂತ್ರಿ ಎರಡು ಸಾಲು ಉತ್ತರ ಕೊಡುತ್ತಿದ್ದ. ಅಷ್ಟೇ.

"ದೊಡ್ಡವರ ಭಾಷಣಾ ಎಲ್ಲಾರೂ ಓದ್ತಾರ. ಈತ ಕೇಳಿದ್ದನ್ನ ಯಾರು ಓದ್ತಾರ?" ಎನ್ನುತ್ತಿದ್ದರು ಮಾಸ್ತರರು. ಅವರು ಓದುತ್ತಿದ್ದರು. ಬರೀ ಓದುತ್ತಿರಲಿಲ್ಲ, ಆ ಮನುಷ್ಯ ಹೇಗಿದ್ದಿರಬಹುದೆಂದು ಲೆಕ್ಕ ಹಾಕುತ್ತಿದ್ದರು. ಎಡಗೈ ಬಳಸುವ ಹೊಸ ಸಿಪಾಯಿಗಳಿಗೆ ಬಂದೂಕಿನ ಬಲಗಡೆಯ ಹಿಡಿಕೆ ತೊಂದರೆಯಾಗುವುದಿಲ್ಲವೇ ಎಂದು ಆತ ಒಮ್ಮೆ ಕೇಳಿದ್ದ. "ಈತ ಎಡಚ ಇರಬೇಕ ನೋಡು" ಎಂದು ಮಾಸ್ತರರು ಇಡೀ ವಾರ ಖುಷಿಯಲ್ಲಿದ್ದರು. ಮೆಟ್ಟಿಲುಗಳ ಎತ್ತರದ ಬಗ್ಗೆ ಪದೇ ಪದೇ ಕೇಳುತ್ತಾನೆ, ಆದ್ದರಿಂದ ಮೊಣಕಾಲು ನೋವಿರಬೇಕು. ಚಳಿಗಾಲದಲ್ಲಿ ಅವನ ಪ್ರಶ್ನೆಗಳೇ ಇರುವುದಿಲ್ಲ, ಆದ್ದರಿಂದ ಕೆಮ್ಮು ಇರಬೇಕು.

ಅವರ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ಭಾನುವಾರ ಅವರ ಮನೆಗೆ ಹೋದರೆ ಹಚ್ಚಿದ ಅವಲಕ್ಕಿಯ ತಾಟು ಮುಂದಿಟ್ಟು ಕಾಕೂ ಗಂಡನನ್ನು ಕೆಣಕುತ್ತಿದ್ದರು.

"ಏನ್ರಿ, ನಿಮ್ಮ ಬಿಳೀ ಬೀಗರು ಈ ವಾರ ಏನು ಕೇಳ್ಯಾರ?"

"ಸಿಪಾಯಿಗಳ ಕಂಬಳಿ ತೊಳೀತಾರೋ ಇಲ್ಲೋ ಅಂತ."

"ನಮ್ಮನ್ಯಾಗಿನ ಕಂಬಳಿ ತೊಳದು ಎಷ್ಟ ದಿನಾ ಆತು, ಅದನ್ನ ಅವರಿಂದ ಒಮ್ಮೆ ಕೇಳಸ್ರಿ. ನಾ ಕೇಳಿದ್ರ ನಿಮಗ ಕೇಳಸೂದಿಲ್ಲ."

ಮಾಸ್ತರರು ಮರುದಿನ ಕಂಬಳಿ ತೊಳೆದು ಗ್ಯಾಲರಿಯ ಕಟಾಂಜನದ ಮೇಲೆ ಹರವಿದ್ದರಂತೆ. ಅದನ್ನು ಕಾಕೂ ತಮ್ಮ ಇಡೀ ವಾಡೆಗೆ ಹೇಳಿದರು.

ಸಭೆಯಲ್ಲಿ ಪ್ರಶ್ನೆ ಕೇಳಲು ಯಾರಾದರೂ ಎದ್ದರೆ ಮಾಸ್ತರರು ಮೊದಲು ಕೇಳುತ್ತಿದ್ದುದು ಒಂದೇ. "ಉತ್ತರ ನಿಮಗ ಗೊತ್ತದೇನ್ರಿ, ಸದಸ್ಯರ? ಗೊತ್ತಿದ್ರ ಕೂಡ್ರಿ. ಗೊತ್ತಿದ್ದು ಕೇಳೂದು ಪ್ರಶ್ನಿ ಅಲ್ಲ, ಸೂಜಿ ಚುಚ್ಚಿದಂಗ." ಇದನ್ನು ಅವರು ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಹೇಳುತ್ತಿದ್ದರು. ವಿರೋಧ ಪಕ್ಷದ ನಾಯಕನಿಗೆ ಇದರಿಂದ ಬಹಳ ಕಷ್ಟ. ಅವನು ಸಾತಾರಾ ಕಡೆಯ ಹುಡುಗ, ಖಾದಿ ತೊಡುತ್ತಿದ್ದ, ಒಳ್ಳೆಯ ಕಂಠ. ಅವನ ಪ್ರಶ್ನೆಗಳೆಲ್ಲ ಸೂಜಿಗಳೇ. ಒಂದು ಶನಿವಾರ ಅವನು ತಾಳ್ಮೆಗೆಟ್ಟು ಮರಾಠಿಯಲ್ಲಿ ಹೇಳಿದ: "ಸರ್, ನಮ್ಮವರು ಜೈಲಿನಲ್ಲಿದ್ದಾರೆ. ನಾವು ಇಲ್ಲಿ ಕೂತು ಇವರ ದೇಶದ ಗಟಾರದ ಚರ್ಚೆ ಮಾಡುತ್ತಿದ್ದೇವೆ."

"ನಾಳೆ ನಮ್ಮದೇ ರಾಜ್ಯ ಬಂದ ಮೇಲೆ ಗಟಾರ ಇರುವುದಿಲ್ಲವೋ?" ಎಂದು ಮಾಸ್ತರರು ಕೇಳಿದರು.

"ಇರುತ್ತದೆ."

"ಅದರ ಬಗ್ಗೆ ಕೇಳುವವರು ಯಾರು?"

"ನಾನಂತೂ ಅಲ್ಲ" ಎಂದ ಅವನು, ನನ್ನ ಕಡೆ ಬೆರಳು ತೋರಿಸಿ. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾಸ್ತರರು.

ಕೊನೆಯ ಸಂಪುಟದಲ್ಲೊಂದು ಚರ್ಚೆ ಇತ್ತು. ಬ್ರಿಟಿಷರದೇ ದೇಶದ ಒಂದು ಊರಿನಲ್ಲಿ ಮುಷ್ಕರದ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ಆದೇಶ ಕೊಟ್ಟವರು ಯಾರು, ಕಲ್ಲು ಮೊದಲು ಎಸೆದವರು ಯಾರು ಎಂದು ಸಭೆ ಹೊತ್ತಿ ಉರಿಯುತ್ತಿತ್ತು. ನಮ್ಮ ಸದಸ್ಯ ಎದ್ದು, ಗುಂಪು ನಿಂತಿದ್ದ ಬೀದಿಯ ಅಗಲ ಎಷ್ಟು, ಅಲ್ಲಿಂದ ಹೊರಗೆ ಹೋಗಲು ಎಷ್ಟು ದಾರಿಗಳಿದ್ದವು ಎಂದು ಕೇಳಿದ. ಪ್ರಶ್ನೆಯನ್ನು ನನಗೆ ಮುಂಚಿತವಾಗಿ ತಿಳಿಸಿರಲಿಲ್ಲ, ಆದ್ದರಿಂದ ಈಗ ಹೇಳಲಾರೆ ಎಂದ ಮಂತ್ರಿ. ಸಂಪುಟ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಲೈಬ್ರರಿಯಲ್ಲಿ ಇರಲಿಲ್ಲ. ಬೀದಿ ಎಷ್ಟು ಅಗಲವಿತ್ತೋ ಮಾಸ್ತರರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಪ್ರಶ್ನೆಯನ್ನು ನಾನು ನಮ್ಮ ಕೋಣೆಯಲ್ಲಿ ಎದ್ದು ನಿಂತು ಕೇಳಿದ ಮೇಲೆ ಹುಡುಗರು ಕೆಲವು ದಿನ ನನ್ನನ್ನು "ಗಲ್ಲಿ ಅಳೆಯುವ ಸದಸ್ಯರು" ಎಂದು ಕರೆದರು.

ನಲವತ್ತೆರಡರ ಮಳೆಗಾಲದಲ್ಲಿ ನಾಯಕರನ್ನೆಲ್ಲ ಹಿಡಿದು ಒಳಗೆ ಹಾಕಿದ ಸುದ್ದಿ ಬಂತು. ಊರಿನ ಅಂಗಡಿಗಳು ಮುಚ್ಚಿದವು. ಮಾಸ್ತರರು ಪಾಠ ನಿಲ್ಲಿಸಿದ್ದು ಆ ವಾರದ ಒಂದು ಮಧ್ಯಾಹ್ನ. ಬೆಳಗಿನಿಂದಲೇ ಕಾಲೇಜಿನ ಅಂಗಳದಲ್ಲಿ ಹುಡುಗರು ಬಾವುಟ ಹಿಡಿದು ಸೇರಿದ್ದರು. ನಮ್ಮ ವಿರೋಧ ಪಕ್ಷದ ನಾಯಕನೇ ಮುಂದಾಳು. ತರಗತಿಯೊಳಗೆ ಹುಡುಗಿಯರು ಮತ್ತು ಪರೀಕ್ಷೆಯ ಹೆದರಿಕೆಯವರು, ಕೆಲವರೇ ಇದ್ದೆವು.

ನಮ್ಮ ಅಂಗಳಕ್ಕೆ ಮೂರು ಕಡೆ ಕಟ್ಟಡ ಮತ್ತು ಎತ್ತರದ ಗೋಡೆ. ಎದುರಿಗೆ ರಸ್ತೆಗೆ ತೆರೆಯುವ ಮುಂದಿನ ಗೇಟು. ಹಿಂದೆ, ಅಡಿಗೆಮನೆಯ ಮಗ್ಗುಲಿಗೆ, ಇನ್ನೊಂದು ಗೇಟು. ಹೊರಗಿನ ಜನ ಒಳಗೆ ನುಗ್ಗಬಾರದೆಂದು ಪ್ರಿನ್ಸಿಪಾಲರು ಅಂದು ಬೆಳಿಗ್ಗೆ, ಯಾರೂ ಬಳಸದೆ ಬರೀ ಚಿಲಕ ಹಾಕಿರುತ್ತಿದ್ದ ಆ ಹಿಂದಿನ ಗೇಟಿಗೆ ಬೀಗ ಹಾಕಿಸಿದ್ದರು. ಆಮೇಲೆ, ಕಾಲೇಜಿಗೆ ಸೈನ್ಯ ಕಳಿಸಬೇಡಿ ಎಂದು ಕೇಳಿಕೊಳ್ಳಲು ಕಲೆಕ್ಟರರ ಕಚೇರಿಗೆ ಹೋಗಿದ್ದರು. ಬೀಗದ ಕೀಲಿ ಅವರ ಕೋಟಿನ ಜೇಬಿನಲ್ಲೇ ಹೋಗಿತ್ತು.

ಸೈನಿಕರು ಲಾರಿಯಿಂದ ಇಳಿದು ಮುಂದಿನ ಗೇಟಿನಲ್ಲಿ ಸಾಲಾಗಿ ನಿಂತರು. ಅವರ ಅಧಿಕಾರಿ ಬಿಳಿಯ, ಚಿಕ್ಕ ವಯಸ್ಸಿನವನು. ಅವನು ಇಂಗ್ಲಿಷಿನಲ್ಲಿ ಕೂಗಿದ್ದನ್ನು ಪೊಲೀಸ್ ಜಮಾದಾರ ಮರಾಠಿಯಲ್ಲಿ ಕೂಗಿದ: ಐದು ನಿಮಿಷದಲ್ಲಿ ಎಲ್ಲರೂ ಇಲ್ಲಿಂದ ಚದುರಬೇಕು, ಇಲ್ಲದಿದ್ದರೆ ಗುಂಡು ಹಾರಿಸುತ್ತೇವೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹೋಗೆನ್ನುತ್ತಾರೆ, ಹೋಗುವ ದಾರಿಯಲ್ಲಿ ತಾವೇ ಬಂದೂಕು ಹಿಡಿದು ನಿಂತಿದ್ದಾರೆ. ಕೊಲ್ಲುವುದಕ್ಕೆ ನೆಪ ಹುಡುಕುತ್ತಿದ್ದಾರೆಂದು ಯಾರೋ ಕೂಗಿದರು. ಗುಂಪು ಗೇಟಿನ ಕಡೆಗೇ ಸರಿಯತೊಡಗಿತು. ಕೆಲವರು ಎದೆಗೊಟ್ಟು, ಕೆಲವರು ಬರೀ ಹಿಂದಿನವರ ಒತ್ತಡಕ್ಕೆ. ಸೈನಿಕರ ಕಣ್ಣಿಗೆ ಅದು ಮೈಮೇಲೆ ಏರಿ ಬರುವ ಗುಂಪು. ಬಂದೂಕುಗಳು ಮೇಲಕ್ಕೆ ಬಂದವು. ಅವುಗಳ ಚಿಲಕ ಎಳೆದ ಸಪ್ಪಳ ಸಾಲಿನ ಉದ್ದಕ್ಕೂ ಹರಿಯಿತು.

ಮಾಸ್ತರರು ಅಷ್ಟರಲ್ಲಿ ವರಾಂಡದ ಗುಂಟ ಗೇಟಿನ ಹತ್ತಿರಕ್ಕೆ ಹೋಗಿದ್ದರು. ನಾವು ಹುಡುಗಿಯರು ಅವರ ಹಿಂದೆಯೇ ಬಂದು ನೋಟೀಸು ಹಲಗೆಯ ಬಳಿ ನಿಂತಿದ್ದೆವು. ಒಂದು ಕಲ್ಲು ನಮ್ಮ ತಲೆಯ ಮೇಲಿನಿಂದ ಹಾರಿಹೋಯಿತು. ಯಾರು ಎಸೆದದ್ದೋ ಇವತ್ತಿಗೂ ತಿಳಿದಿಲ್ಲ. ಅದು ಒಬ್ಬ ಸೈನಿಕನ ಭುಜಕ್ಕೆ ಬಡಿಯಿತು. ಯಾರ ಆದೇಶವೂ ಇಲ್ಲದೆ ಒಂದು ಬಂದೂಕು ಢಂ ಎಂದಿತು. ಗುಂಡು ಗೇಟಿನ ಕಲ್ಲಿನ ಕಂಬಕ್ಕೆ ತಾಗಿ, ಒಂದು ಚಕ್ಕೆ ಸಿಡಿದು ಮಾಸ್ತರರ ಎಡಗಿವಿಯ ಅಂಚು ಹರಿಯಿತು.

ಆ ಕ್ಷಣ ಎಷ್ಟು ಉದ್ದವಿತ್ತೋ ಹೇಳಲಾರೆ. ಇನ್ನು ಗುಂಪು ಮುಂದಕ್ಕೆ ನುಗ್ಗಬೇಕು, ಉಳಿದ ಬಂದೂಕುಗಳು ಸಿಡಿಯಬೇಕು. ಬೇರೆ ಯಾವುದೂ ಆಗುವ ಹಾಗಿರಲಿಲ್ಲ.

ಗೇಟಿನ ಒಳಮಗ್ಗುಲಿಗೆ ಬೇವಿನ ಮರವೊಂದಿತ್ತು, ಸುತ್ತಲೂ ಕಟ್ಟೆ. ಮಾಸ್ತರರು ಅದರ ಮೇಲೆ ಹತ್ತಿ, ಗುಂಪಿನ ಕಡೆ ಮುಖ ಮಾಡಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕುತ್ತಿಗೆಯ ಮೇಲೆ ರಕ್ತ ಇಳಿಯುತ್ತಿತ್ತು.

ಮೊದಲು ಕೂತವನು ವಿರೋಧ ಪಕ್ಷದ ನಾಯಕ. ಬಾವುಟ ಹಿಡಿದುಕೊಂಡೇ, ಕೆಸರಿನಲ್ಲಿ, ದೊಪ್ಪೆಂದು. ಅವನ ಹಿಂದೆ ಸರಕಾರದ ಇಬ್ಬರು ಮಂತ್ರಿಗಳು ಕೂತರು. ನನ್ನ ಕಾಲುಗಳೂ ನನ್ನನ್ನು ಕೇಳದೆ ಮಡಚಿಕೊಂಡವು. ಶನಿವಾರದ ಸಭೆಯವರು ಅಲ್ಲಲ್ಲಿ ಹತ್ತಿಪ್ಪತ್ತು ಜನ ಇದ್ದಿರಬೇಕು, ಅಷ್ಟೇ. ಆದರೆ ಮುಂದಿನವನು ಕೂತರೆ ಹಿಂದಿನವನು ಯಾಕೆಂದು ತಿಳಿಯದೆಯೂ ಕೂರುತ್ತಾನೆ. ನೋಡನೋಡುತ್ತಿದ್ದಂತೆ ಅಂಗಳವೆಲ್ಲ ನೆಲಕ್ಕಿಳಿಯಿತು. ಕೂತವರ ಮೇಲೆ ಗುರಿಯಿಟ್ಟು ನಿಂತ ಸೈನಿಕರು ಒಬ್ಬರನ್ನೊಬ್ಬರು ನೋಡಿಕೊಂಡರು.

ಮಾಸ್ತರರು ಕಟ್ಟೆ ಇಳಿದು ಅಧಿಕಾರಿಯ ಬಳಿಗೆ ಹೋದರು. ನಾವು ಅಲ್ಲೇ ಇದ್ದುದರಿಂದ ಅವರ ಇಂಗ್ಲಿಷ್ ಮಾತುಗಳು ನನಗೆ ಸ್ಪಷ್ಟವಾಗಿ ಕೇಳಿಸಿದವು.

"ಸರ್, ಒಂದು ಸಂಗತಿ ತಿಳಿದುಕೊಳ್ಳಬಹುದೇ?"

"ನೀವು ಯಾರು?"

"ಇಲ್ಲಿ ಇತಿಹಾಸ ಕಲಿಸುತ್ತೇನೆ."

"ಈ ಜನಕ್ಕೆ ಹೋಗಲು ಹೇಳಿ."

"ಹೇಳುತ್ತೇನೆ. ಯಾವ ಗೇಟಿನಿಂದ ಹೋಗಬೇಕು?"

"ಹಿಂದಿನ ಗೇಟಿನಿಂದ. ಇನ್ನೆಲ್ಲಿಂದ?"

"ಅದಕ್ಕೆ ಬೀಗ ಹಾಕಿದೆ, ಸರ್."

ಅಧಿಕಾರಿ ಕಟ್ಟಡದ ಹಿಂಬದಿಯ ಕಡೆ ನೋಡಿದ. ಅವನ ಮೂಗಿನ ತುದಿ ಬಿಸಿಲಿಗೆ ಸಿಪ್ಪೆ ಎದ್ದಿತ್ತು.

"ಯಾರು ಹಾಕಿದ್ದು?"

"ನಾವೇ. ಕೀಲಿ ಪ್ರಿನ್ಸಿಪಾಲರ ಹತ್ತಿರ ಇದೆ. ಅವರು ಕಲೆಕ್ಟರರ ಕಚೇರಿಯಲ್ಲಿದ್ದಾರೆ."

"ನನಗೆ ಇದನ್ನು ಯಾರೂ ಹೇಳಲಿಲ್ಲ."

"ನಮ್ಮ ಹುಡುಗರಿಗೂ ಯಾರೂ ಹೇಳಿಲ್ಲ, ನೀವು ಹಿಂದಿನ ಗೇಟಿನ ಮಾತಾಡುತ್ತಿದ್ದೀರೆಂದು. ನಿಮ್ಮವರು ನಿಂತಿರುವ ಜಾಗ ಬಿಟ್ಟರೆ ಬೇರೆ ದಾರಿ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ಅಲ್ಲಿಂದಲೇ ಕಳಿಸುತ್ತೇನೆ."

ಅವನು ತಿರುಗಿ ತನ್ನ ಸಾಲನ್ನು ನೋಡಿದ. ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಅದು ಬಾಗಿಲಿನ ಹಾಗೆ ಮುಚ್ಚಿಕೊಂಡಿತ್ತು. ಮತ್ತೆ ಮಾಸ್ತರರ ಕಿವಿಯನ್ನು ನೋಡಿದ. ಏನೋ ಆದೇಶ ಕೂಗಿದ. ಬಂದೂಕುಗಳು ಕೆಳಗಿಳಿದವು, ಸೈನಿಕರು ರಸ್ತೆಯ ಆಚೆ ಬದಿಗೆ ಸರಿದು ನಿಂತರು, ಲಾರಿಯೂ ಸರಿಯಿತು.

ಮಾಸ್ತರರು ನಮ್ಮ ಕಡೆ ತಿರುಗಿ, ಶನಿವಾರ ಹೇಳುತ್ತಿದ್ದ ಧ್ವನಿಯಲ್ಲೇ, "ಡಿವಿಜನ್" ಎಂದರು.

ಸಭೆಯವರು ಎದ್ದು ಎರಡು ಸಾಲಾದೆವು. ಒಂದು ಸಾಲು ಗೇಟಿನ ಬಲಗಂಬದ ಪಕ್ಕ, ಇನ್ನೊಂದು ಎಡಗಂಬದ ಪಕ್ಕ. ಉಳಿದವರು ಹಿಂದೆ ಬಂದರು. ಯಾರೂ ಓಡಲಿಲ್ಲ. ಅಂಗಳ ಖಾಲಿಯಾಯಿತು.

ಮುಂದೆ ಅವರಿಗೆ ಹೂಮಾಲೆ ಬಿತ್ತೆಂದು ಯಾರೂ ತಿಳಿಯಬಾರದು. ಕಾಲೇಜು ಮತ್ತೆ ತೆರೆದ ದಿನ ಅವರ ಕಪ್ಪು ಹಲಗೆಯ ಮೇಲೆ "ಗೋರಾ ಸಾಹೇಬರ ಮಾಸ್ತರ" ಎಂದು ಮರಾಠಿಯಲ್ಲಿ ದಪ್ಪಗೆ ಬರೆದಿತ್ತು. ಗುಂಡು ಹಾರಿಸಿದವರ ಅಧಿಕಾರಿಯನ್ನು ಅವರು ಸರ್ ಎಂದು ಕರೆದದ್ದು ಊರೆಲ್ಲ ಹಬ್ಬಿತ್ತು. ಮಾಸ್ತರರು ಅದನ್ನು ಒರೆಸಲಿಲ್ಲ. ಅದರ ಕೆಳಗೆ ಉಳಿದ ಜಾಗದಲ್ಲಿ ಪಾಠ ಬರೆದರು. ಆಡಳಿತ ಮಂಡಳಿಯವರಿಗೆ ಬೇರೆ ಅನುಮಾನ: ಒಂದು ಸನ್ನೆಗೆ ನೂರಾರು ಹುಡುಗರು ಕೂರುತ್ತಾರೆಂದರೆ ಶನಿವಾರ ಈ ಮನುಷ್ಯ ಏನು ಕಲಿಸುತ್ತಿದ್ದ? ಸಭೆ ನಿಂತುಹೋಯಿತು. ಅವರಿಗೆ ದೀರ್ಘ ರಜೆ ಎಂಬ ಹೆಸರಿನಲ್ಲಿ ಮನೆಯ ದಾರಿ ತೋರಿಸಿದರು.

ವಿರೋಧ ಪಕ್ಷದ ನಾಯಕ ಜೈಲಿಗೆ ಹೋಗುವ ಮುಂಚೆ ಒಮ್ಮೆ ಅವರ ಮನೆಗೆ ಬಂದಿದ್ದ. ನಾನೂ ಅಲ್ಲಿದ್ದೆ. ಅವನಿಗೆ ತನ್ನ ಮೇಲೆಯೇ ಸಿಟ್ಟಿತ್ತು.

"ನಾನು ಬಂದೂಕಿಗೆ ಹೆದರಿ ಕೂತದ್ದಲ್ಲ" ಎಂದ.

"ಮತ್ತೇಕೆ ಕೂತೆ?"

"ನೀವು ಎದ್ದಿರಿ."

ಮಾಸ್ತರರು ಅವನ ತಾಟಿಗೆ ಇನ್ನಷ್ಟು ಅವಲಕ್ಕಿ ಹಾಕಿದರು. ಅವನು ತಿಂದ.

ನನಗೆ ನಿದ್ದೆ ಹೋಗಿತ್ತು. ಕಣ್ಣು ಮುಚ್ಚಿದರೆ ಆ ಚಿಲಕಗಳ ಸಪ್ಪಳ. ಆಮೇಲೆ ನಾನು ಹಿಂದಿನ ಗೇಟಿಗೆ ಓಡುತ್ತೇನೆ, ಬೀಗ ಎಳೆಯುತ್ತೇನೆ, ಅದು ಬಿಚ್ಚುವುದಿಲ್ಲ. ಆ ಗೇಟೊಂದು ತೆರೆದಿದ್ದರೆ ಏನೂ ಆಗುತ್ತಿರಲಿಲ್ಲ, ಮಾಸ್ತರರ ಕಿವಿ ಹರಿಯುತ್ತಿರಲಿಲ್ಲ, ಅವರ ಕೆಲಸ ಹೋಗುತ್ತಿರಲಿಲ್ಲ ಎಂದು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಎದ್ದು ಅತ್ತೆಯ ಮನೆಯ ಹಿತ್ತಲ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ನೋಡಿ ಬಂದು ಮಲಗುತ್ತಿದ್ದೆ. "ಕಳ್ಳರಿಗೆ ಎಲೀ ಅಡಕಿ ಕೊಟ್ಟು ಕರದಂಗ ಮಾಡ್ತೀಯಲ್ಲ ಹುಡುಗಿ" ಎಂದು ಅತ್ತೆ ಬೈಯುತ್ತಿದ್ದಳು.

ಒಂದು ಭಾನುವಾರ ಮಾಸ್ತರರನ್ನು ಕೇಳಿಯೇಬಿಟ್ಟೆ. "ಸರ್, ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

"ಆಗದ ಏನು. ಕಟ್ಟಿ ಹತ್ತೂವಾಗ ಒಂದು ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಮನೀಗೆ ಬಂದ ಮ್ಯಾಲ ನಿಮ್ಮ ಕಾಕೂನ ತೋರಿಸಿದಳು."

"ಮತ್ತ ಅಷ್ಟ ಸಮಾಧಾನದಿಂದ ಹೆಂಗ ಕೇಳಿದ್ರಿ?"

"ನನಗ ಖರೇನ ತಿಳೀಲಿಲ್ಲವಾ, ಅದಕ್ಕ ಕೇಳಿದೆ. ಹೋಗ್ರಿ ಅಂತಾನ, ಬಾಗಲದಾಗ ತಾನ ನಿಂತಾನ. ಅಂದಮ್ಯಾಲ ಆತನ ತಲ್ಯಾಗ ಮತ್ತೊಂದು ಬಾಗಲ ಇರಬೇಕಲ್ಲ? ಅದು ಯಾವುದು ಅಂತ ನೋಡಬೇಕನಿಸ್ತು. ಉತ್ತರ ಗೊತ್ತಿದ್ದು ಕೇಳಿದ್ರ ಆತಗ ಅದು ತಿಳೀತಿತ್ತು. ಸಿಟ್ಟಿಗೇಳತಿದ್ದ."

"ನಿಮ್ಮ ಬೀಗರ ಬುದ್ಧಿ" ಎಂದರು ಕಾಕೂ ಒಳಗಿನಿಂದ. ಅವರ ದನಿಯಲ್ಲಿ ಕೆಣಕುವುದು ಇರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಎದೆನೋವು. ಕಾಲೇಜು ಅವರನ್ನು ಮತ್ತೆ ಕರೆಯಲಿಲ್ಲ. ಕೊನೆಯ ವರ್ಷಗಳಲ್ಲಿ ಮನೆಯಲ್ಲೇ ಹುಡುಗರಿಗೆ ಪಾಠ ಹೇಳುತ್ತಿದ್ದರು. ಕೊನೆಯ ದಿನ ಡಾಕ್ಟರು ಔಷಧಿ ಕುಡಿಸಿದಾಗ ಅವರು, ಇದು ಕಹಿ ಇರುವುದರಿಂದ ಕೆಲಸ ಮಾಡುತ್ತದೋ, ಕೆಲಸ ಮಾಡುವುದೆಲ್ಲ ಕಹಿಯಾಗಿಯೇ ಇರಬೇಕೋ ಎಂದು ಕೇಳಿದರಂತೆ. ಡಾಕ್ಟರು ಇದುವರೆಗೆ ಅದನ್ನು ಯೋಚಿಸಿಲ್ಲ, ನೋಡಿ ಹೇಳುತ್ತೇನೆ ಎಂದರಂತೆ. "ಉತ್ತರಾ ತಗೊಂಡು ಬರೂದ್ರಾಗ ಇವರು ಹೋಗಿಬಿಟ್ರು" ಎಂದು ಕಾಕೂ ನನಗೆ ಹೇಳಿದರು. ಹೇಳುತ್ತ ನಕ್ಕರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ಬದುಕಿ ಉಳಿದದ್ದು ಅವರಿಂದ. ಆದರೆ ಅವರ ಋಣ ಎಂದಾಗ ನನಗೆ ಮೊದಲು ನೆನಪಾಗುವುದು ಬೇವಿನ ಕಟ್ಟೆಯಲ್ಲ, ಗುಂಡು ಹಾರಿದ ವರ್ಷದ ದೀಪಾವಳಿಯ ನಂತರದ ಒಂದು ಮುಂಜಾನೆ.

ನಿದ್ದೆಯ ಸಂಗತಿಯನ್ನು ಅಂತೂ ನಾನು ಅವರಿಗೆ ಹೇಳಿದ್ದೆ. ಬೇರೆ ಯಾರಾದರೂ ಆಗಿದ್ದರೆ ದೇವರ ಹೆಸರು ಹೇಳಿ ಮಲಗು ಎನ್ನುತ್ತಿದ್ದರು. ಇವರು, "ಆ ಗೇಟು ನೀ ಯಾವಾಗರೆ ನೋಡೀಯೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಅವರೂ ಅದರೊಳಗಿಂದ ಎಂದೂ ಹೋಗಿರಲಿಲ್ಲ. "ಹಂಗಾದ್ರ ನಾಳೆ ನಡಿ, ಹೋಗಿ ನೋಡೂಣು" ಎಂದರು.

ಕಾಲೇಜಿಗೆ ರಜೆ. ಕಾವಲಿನವನು ಮಾಸ್ತರರನ್ನು ಕಂಡು ಎದ್ದು ನಿಂತು, ಏನೂ ಕೇಳದೆ ಕೀಲಿ ತಂದ. ಅಂಗಳ ದಾಟಿ ಅಡಿಗೆಮನೆಯ ಮಗ್ಗುಲಿಗೆ ಹೋದೆವು. ನನ್ನ ತಲೆಯಲ್ಲಿದ್ದದ್ದು ಎರಡು ಕದದ ದೊಡ್ಡ ಗೇಟು. ಅಲ್ಲಿದ್ದದ್ದು ಒಂದೇ ಕದ, ನನ್ನ ಅತ್ತೆಯ ಮನೆಯ ದೇವರಕೋಣೆಯ ಬಾಗಿಲಿನಷ್ಟು. ದೂಡಿದಾಗ ತುಕ್ಕು ಉದುರಿತು. ಆಚೆಗೆ ಮೂರು ಮೆಟ್ಟಿಲು ಇಳಿದು ಒಂದು ಗಲ್ಲಿ. ಮಾಸ್ತರರು ನಡುವೆ ನಿಂತು ಎರಡೂ ಕೈ ಚಾಚಿದರೆ ಬೆರಳುಗಳು ಎರಡೂ ಗೋಡೆಗೆ ತಾಗಿದವು. ಎದುರಿನ ಬಾಗಿಲಲ್ಲಿ ಒಬ್ಬಾಕೆ ಕಟ್ಟಿಗೆ ಒಡೆಯುತ್ತಿದ್ದಳು.

"ಅಗಬಾಯಿ, ಇದು ತೆರೆಯುತ್ತದೆಯೇ? ಇಷ್ಟು ವರ್ಷ ನಾನಿದನ್ನು ಗೋಡೆ ಅಂತಲೇ ತಿಳಿದಿದ್ದೆ" ಎಂದಳು ಮರಾಠಿಯಲ್ಲಿ.

ಮಾಸ್ತರರು ಕೈ ಇಳಿಸಿದರು. ಆಮೇಲೆ ಮೆಟ್ಟಿಲುಗಳನ್ನು ನೋಡಿದರು.

"ಅಷ್ಟು ಹುಡುಗರು, ಹಿಂದಿನಿಂದ ಬಂದೂಕಿನ ಸಪ್ಪಳಾ ಕೇಳಕೋತ, ಈ ಮೆಟ್ಟಲಾ ಇಳಿದು ಇದರಾಗ ಓಡಿದ್ರ ಏನಾಗತಿತ್ತವಾ?"

ನಾನು ನೋಡಿದೆ. ಮೊದಲನೆಯವನು ಎಡವುತ್ತಿದ್ದ. ಅವನ ಮೇಲೆ ಎರಡನೆಯವನು.

"ಬೀಗಾ ಇದ್ದದ್ದು ಒಳ್ಳೇದಾತು ಅಂತ ನಾ ಅನ್ನೂದಿಲ್ಲ" ಎಂದರು ಅವರು, ಕೈಯಲ್ಲಿನ ತುಕ್ಕು ಒರೆಸಿಕೊಳ್ಳುತ್ತ. "ತಗದಿದ್ರ ಚೊಲೋ ಆಗತಿತ್ತು ಅಂತನೂ ಅನ್ನಲಿಕ್ಕಾಗೂದಿಲ್ಲ. ಇಷ್ಟ ಗೊತ್ತಾತು."

ನಾವು ಆ ಗಲ್ಲಿಯಿಂದಲೇ, ಒಬ್ಬರ ಹಿಂದೊಬ್ಬರು ನಡೆದು ದೊಡ್ಡ ರಸ್ತೆಗೆ ಬಂದೆವು. ಅವರು ತಮ್ಮ ಮನೆಯ ಕಡೆ ತಿರುಗಿದರು, ನಾನು ನದಿ ದಾಟಿ ಪೇಠೆಗೆ ಬಂದೆ. ಊಟ ಮಾಡಿದೆ, ಅತ್ತೆಯ ಜೊತೆ ಅಕ್ಕಿ ಆರಿಸಿದೆ, ಹಾಸಿಗೆ ಬಿಚ್ಚಿದೆ.

ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಅತ್ತೆ ಹಿತ್ತಲ ಬಾಗಿಲು ತೆರೆದು, ಇಬ್ಬನಿಗೆ ಮೈಯೆಲ್ಲ ಒದ್ದೆಯಾದ ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದಳು.

"ರಾತ್ರಿಯೆಲ್ಲಾ ಇದು ಇಲ್ಲೆ ಒದರೇದ" ಎಂದಳು. "ನಿನಗ ಕೇಳಸಲೇ ಇಲ್ಲೇನ ಹುಡುಗಿ?"